ಚುಕ್ಕಿಯಲ್ಲಿ ನಿಂತ ಮರ: ಹಳೆಯ ಹುಣಸೆ, ಅರಳಿಗಳ ಲೇಸರ್ ಸ್ಕ್ಯಾನ್ ಕಲೆಯಾಗುವ ಬಗೆ

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಆ ಹೆಸರು ತಂದುಕೊಟ್ಟ ಅರಳಿ ಮರ 2001ರಲ್ಲಿ ಉರುಳಿಬಿತ್ತು. ವಿದುರನೇ ನೆಟ್ಟದ್ದೆಂದು ಜನ ನಂಬಿಕೊಂಡು ಬಂದಿದ್ದ ಮರ ಅದು. ನಾಗರಕಲ್ಲುಗಳು ಅಲ್ಲೇ ಇವೆ, 1938ರ ಗೋಲಿಬಾರಿನಲ್ಲಿ ಮಡಿದವರ ಸ್ಮಾರಕವೂ ಇದೆ. ಮರ ಮಾತ್ರ ಇಲ್ಲ. ಯಾರದೋ ಮನೆಯ ಆಲ್ಬಂನಲ್ಲಿ ಹಳೆಯ ಫೋಟೋ ಸಿಕ್ಕೀತು. ಆದರೆ ಫೋಟೋ ಹಿಡಿದುಕೊಂಡು ಬುಡದ ಸುತ್ತಳತೆ ಎಷ್ಟಿತ್ತು, ಮೊದಲ ಕವಲು ನೆಲದಿಂದ ಎಷ್ಟು ಮೇಲೆ ಒಡೆದಿತ್ತು, ಪೂರ್ವದ ಕೊಂಬೆ ಎಷ್ಟು ಬಾಗಿತ್ತು ಎಂದು ಅಳೆಯಲು ಬಾರದು.

ಲೇಸರ್ ಸ್ಕ್ಯಾನ್ ಹಿಡಿದಿಡುವುದು ಈ ಅಳತೆಯನ್ನೇ. ಅದು ಕೊಡುವುದು ಚಿತ್ರವಲ್ಲ, ಕೋಟಿಗಟ್ಟಲೆ ಚುಕ್ಕಿ. ಒಂದೊಂದು ಚುಕ್ಕಿಗೂ ಉದ್ದ, ಅಗಲ, ಎತ್ತರ ಎಂಬ ಮೂರು ಸಂಖ್ಯೆ. ಇದನ್ನು ಪಾಯಿಂಟ್ ಕ್ಲೌಡ್ ಎನ್ನುತ್ತಾರೆ, ಚುಕ್ಕಿಗಳ ಮೋಡ. ಅಂಗಳದಲ್ಲಿ ಚುಕ್ಕಿ ರಂಗೋಲಿ ಹಾಕುವವರಿಗೆ ಇದರ ತಿರುಳು ಬೇಗ ಹೊಳೆಯುತ್ತದೆ: ಚುಕ್ಕಿ ಇಟ್ಟಾಗ ರಂಗೋಲಿ ಆಗಿಲ್ಲ, ಯಾವ ಚುಕ್ಕಿಗೆ ಯಾವುದನ್ನು ಸೇರಿಸುತ್ತೀರಿ, ಯಾವುದನ್ನು ಬಿಡುತ್ತೀರಿ ಎಂಬಲ್ಲಿ ಅದು ಶುರುವಾಗುತ್ತದೆ. ಒಂದು ವ್ಯತ್ಯಾಸವಿದೆ. ಇಲ್ಲಿ ಚುಕ್ಕಿ ಇಡುವುದು ಯಂತ್ರ. ಅದನ್ನು ಎಲ್ಲಿ ನಿಲ್ಲಿಸಿದಿರಿ, ಯಾವ ತಿಂಗಳಲ್ಲಿ, ಎಷ್ಟು ಹೊತ್ತಿಗೆ ಎಂಬುದರ ಮೇಲೆ ಎಲ್ಲಿ ಚುಕ್ಕಿ ಬೀಳುತ್ತದೆ, ಎಲ್ಲಿ ಖಾಲಿ ಉಳಿಯುತ್ತದೆ ಎಂಬುದು ತೀರ್ಮಾನವಾಗುತ್ತದೆ. ಹಾಗಾಗಿ ಕಲಾವಿದರು ಸ್ಕ್ಯಾನಿಂಗನ್ನು ಸರ್ವೆಯವರಿಗೆ ಬಿಟ್ಟು, ಫೈಲ್ ಬಂದ ಮೇಲೆ ಕೆಲಸ ಶುರುಮಾಡಿದರೆ ಅರ್ಧ ಕೃತಿ ಬೇರೆಯವರ ಕೈಯಲ್ಲಿ ಆಗಿಹೋಗಿರುತ್ತದೆ.

ಯಂತ್ರಕ್ಕೆ ಕಾಣುವುದು ಏನು

ಸ್ಕ್ಯಾನರ್ ಒಂದು ಬೆಳಕಿನ ಮಿಡಿತವನ್ನು ಬಿಡುತ್ತದೆ, ಅದು ತೊಗಟೆಗೆ ತಾಗಿ ಮರಳಲು ಹಿಡಿದ ಸಮಯದಿಂದ ದೂರ ಲೆಕ್ಕ ಹಾಕುತ್ತದೆ. ಬೆಳಕು ಒಂದು ನ್ಯಾನೊಸೆಕೆಂಡಿಗೆ ಸುಮಾರು 30 ಸೆಂ.ಮೀ. ಸಾಗುತ್ತದೆ, ಹೋಗಿಬರುವ ದಾರಿಯಾದ್ದರಿಂದ ಒಂದು ನ್ಯಾನೊಸೆಕೆಂಡ್ ಎಂದರೆ 15 ಸೆಂ.ಮೀ. ದೂರ. ಒಂದು ಸೆಂ.ಮೀ. ನಿಖರವಾಗಿ ಬೇಕೆಂದರೆ ಸುಮಾರು 67 ಪಿಕೊಸೆಕೆಂಡನ್ನು ಗುರುತಿಸಬೇಕು. ಇನ್ನೊಂದು ಬಗೆಯ ಯಂತ್ರಗಳು ನಿರಂತರ ಬೆಳಕನ್ನು ಬಿಟ್ಟು, ಮರಳಿದ ಅಲೆ ಎಷ್ಟು ಹಿಂದೆ ಸರಿದಿದೆ ಎಂದು ನೋಡಿ ದೂರ ಕಂಡುಕೊಳ್ಳುತ್ತವೆ. ಅವು ವೇಗದವು, ಆದರೆ ಎಲೆಯ ಅಂಚಿನಲ್ಲಿ ಹೆಚ್ಚು ಎಡವುತ್ತವೆ.

ಎಡವುವುದು ಏಕೆಂದರೆ ಲೇಸರ್ ಕಿರಣ ಗೆರೆಯಲ್ಲ, ಮುಂದೆ ಹೋದಂತೆ ಅಗಲವಾಗುವ ಕೋಲು. ಸಾಮಾನ್ಯ ಯಂತ್ರಗಳಲ್ಲಿ 20 ಮೀಟರ್ ದೂರದಲ್ಲಿ ಅದರ ಅಡ್ಡಳತೆ 8ರಿಂದ 10 ಮಿ.ಮೀ. ಆಗಿರುತ್ತದೆ. ಹುಣಸೆಯ ಒಂದು ಕಿರುಎಲೆಯ ಅಗಲ ಅರ್ಧ ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಕಿರಣದ ಒಂದು ಭಾಗ ಎಲೆಗೆ, ಉಳಿದದ್ದು ಹಿಂದಿನ ಕೊಂಬೆಗೆ ತಾಗಿದರೆ ಯಂತ್ರ ಎರಡರ ನಡುವಿನ ಒಂದು ದೂರವನ್ನು ಬರೆದುಕೊಳ್ಳುತ್ತದೆ. ಗಾಳಿಯಲ್ಲಿ, ಏನೂ ಇಲ್ಲದ ಕಡೆ, ಒಂದು ಚುಕ್ಕಿ ಹುಟ್ಟುತ್ತದೆ. ಹುಣಸೆಯ ತಲೆಯ ಸುತ್ತ ಕಾಣುವ ದೂಳಿನಂಥ ಪ್ರಭೆ ಬಹುಪಾಲು ಇದೇ. ಆಲ, ಅರಳಿಯ ಅಗಲ ಎಲೆಗಳಲ್ಲಿ ಈ ತೊಂದರೆ ಕಡಿಮೆ.

ಬೆಳಕಿನ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. 900 ನ್ಯಾನೊಮೀಟರ್ ಆಸುಪಾಸಿನ ಅವಕೆಂಪು ಬೆಳಕಿಗೆ ಹಸಿ ಎಲೆ ಹೊಳೆಯುತ್ತದೆ. 1550 ನ್ಯಾನೊಮೀಟರ್ ಯಂತ್ರಕ್ಕೆ ಅದೇ ಎಲೆ ಮಂಕು, ಏಕೆಂದರೆ ಎಲೆಯೊಳಗಿನ ನೀರು ಆ ಬೆಳಕನ್ನು ಕುಡಿದುಬಿಡುತ್ತದೆ. ಒಣ ತೊಗಟೆ ಬೆಳ್ಳಗೆ ಕಾಣುತ್ತದೆ. ಪ್ರತಿ ಚುಕ್ಕಿಯ ಜತೆ ದಾಖಲಾಗುವ ಈ ಹೊಳಪಿನ ಸಂಖ್ಯೆಗೆ ಇಂಟೆನ್ಸಿಟಿ ಎನ್ನುತ್ತಾರೆ. ಎಲೆಯಿಂದ ಮರವನ್ನು ಬೇರ್ಪಡಿಸಲು ಮುಂದೆ ಇದು ಕೈಹಿಡಿಯುತ್ತದೆ. ಬಾಡಿಗೆಗೆ ಯಂತ್ರ ತರುವಾಗ ಹೆಚ್ಚಿನವರು ಬೆಲೆ ಮತ್ತು ವ್ಯಾಪ್ತಿ ಮಾತ್ರ ಕೇಳುತ್ತಾರೆ. ತರಂಗಾಂತರ ಎಷ್ಟು ಎಂದೂ ಕೇಳಿ.

ಯಂತ್ರಕ್ಕೆ ಕಾಣದ್ದು ಇನ್ನೂ ಮುಖ್ಯ. ಬೇರು ಕಾಣದು, ಪೊಟರೆಯ ಒಳಗು ಕಾಣದು, ಕೊಂಬೆಯ ಹಿಂದಿನ ಕೊಂಬೆ ಕಾಣದು. ವಯಸ್ಸನ್ನಂತೂ ಅದು ಹೇಳುವುದೇ ಇಲ್ಲ. ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತಲ್ಲ, ಅಂಥ ಮರಗಳ ವಯಸ್ಸನ್ನು ಮರದ ತುಣುಕಿನ ಇಂಗಾಲ ಪರೀಕ್ಷೆಯಿಂದ ಅಂದಾಜಿಸಬೇಕು. ಆಲ, ಅರಳಿಗಳಲ್ಲಿ ವರ್ಷಕ್ಕೊಂದರಂತೆ ಸ್ಪಷ್ಟ ಉಂಗುರವೂ ಬೀಳುವುದಿಲ್ಲ. ಸ್ಕ್ಯಾನ್‌ನ ಪಕ್ಕದಲ್ಲಿ "800 ವರ್ಷದ ಮರ" ಎಂದು ಬರೆದಿದ್ದರೆ ಆ ಸಂಖ್ಯೆ ಬೇರೆ ಕಡೆಯಿಂದ ಬಂದದ್ದು.

ಹೊತ್ತು, ತಿಂಗಳು, ಹೆಜ್ಜೇನು

ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಮೂರೂ ಜಿಲ್ಲೆಗಳಲ್ಲಿ ಆಷಾಢದ ಗಾಳಿ ಎಂದರೆ ಗೊತ್ತೇ ಇದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮರದ ಸ್ಕ್ಯಾನ್‌ಗೆ ಕೈಹಾಕದಿರುವುದು ಜಾಣತನ. ಯಂತ್ರವನ್ನು ಮರದ ಸುತ್ತ ಹಲವು ಕಡೆ ನಿಲ್ಲಿಸಿ ಅಳೆಯಬೇಕು, ಆ ಒಂದೊಂದು ಜಾಗವೂ ಒಂದು ನಿಲ್ದಾಣ. ಒಂದು ನಿಲ್ದಾಣದಲ್ಲಿ ಅಳೆಯುವಾಗ ರೆಂಬೆ ಒಂದು ಕಡೆ ಇರುತ್ತದೆ, ಇನ್ನೊಂದು ನಿಲ್ದಾಣಕ್ಕೆ ಹೋಗುವಷ್ಟರಲ್ಲಿ ಅಂಗೈ ಅಗಲ ಸರಿದಿರುತ್ತದೆ. ಎರಡನ್ನೂ ಸೇರಿಸಿದರೆ ಒಂದೇ ರೆಂಬೆ ಎರಡಾಗುತ್ತದೆ. ಯಾವ ಸಾಫ್ಟ್‌ವೇರೂ ಅದನ್ನು ಪೂರ್ತಿ ಸರಿಪಡಿಸದು.

ಅರಳಿ ಮರಕ್ಕೆ ಶಿವರಾತ್ರಿಯ ಆಸುಪಾಸು ಒಳ್ಳೆಯದು. ಎಲೆ ಉದುರಿ ಚಿಗುರು ಬರುವ ಮುಂಚಿನ ಕೆಲವೇ ದಿನಗಳಲ್ಲಿ ಇಡೀ ಅಸ್ಥಿಪಂಜರ ಕಾಣುತ್ತದೆ. ಈ ದಿನಗಳು ಮರದಿಂದ ಮರಕ್ಕೆ ಬೇರೆ, ಆದ್ದರಿಂದ ಆ ಊರಿನವರೊಬ್ಬರು ವಾರಕ್ಕೊಮ್ಮೆ ಫೋಟೋ ಕಳಿಸುವಂತೆ ಹೇಳಿಟ್ಟುಕೊಳ್ಳಬೇಕು. ಹುಣಸೆ ಪೂರ್ತಿ ಬೋಳಾಗುವುದು ಅಪರೂಪ. ಹಣ್ಣು ಬಡಿದು ಮುಗಿದ ಮೇಲೆ, ಯುಗಾದಿ ಹೊತ್ತಿಗೆ, ಎಲೆ ತೆಳುವಾಗಿರುತ್ತದೆ. ಹಣ್ಣಿನ ಗುತ್ತಿಗೆ ಹಿಡಿದವರ ಕೆಲಸಕ್ಕೂ ಅಡ್ಡಿಯಾಗುವುದಿಲ್ಲ.

ದಿನದಲ್ಲಿ ಬೆಳಗ್ಗೆ ಆರರಿಂದ ಎಂಟೂವರೆಯೊಳಗೆ ಗಾಳಿ ಕಡಿಮೆ. ಆದರೆ ನಂದಿ ಬೆಟ್ಟದ ಸುತ್ತಿನ ಊರುಗಳಲ್ಲಿ ಚಳಿಗಾಲದ ಮುಂಜಾನೆ ಮಂಜು ಇರುತ್ತದೆ. ಮಂಜಿನ ಹನಿಗೂ ಲೇಸರ್ ತಾಗಿ ಮರಳುತ್ತದೆ, ಯಂತ್ರದ ಸುತ್ತ ಒಂದು ಗುಮ್ಮಟದಂತೆ ಸುಳ್ಳು ಚುಕ್ಕಿಗಳು ತುಂಬಿಕೊಳ್ಳುತ್ತವೆ. ಮಳೆ ಬಂದ ಮಾರನೆಯ ಬೆಳಗ್ಗೆಯೂ ಬೇಡ: ನೆನೆದ ತೊಗಟೆ ಬೆಳಕನ್ನು ಹೀರಿಕೊಂಡು ಕಾಂಡದಲ್ಲಿ ತೇಪೆ ತೇಪೆಯಾಗಿ ಖಾಲಿ ಬಿಡುತ್ತದೆ.

ಅರಳಿಕಟ್ಟೆ ಎಂದರೆ ಶನಿವಾರ ಬೆಳಗ್ಗೆ ಪ್ರದಕ್ಷಿಣೆ ಬರುವವರಿರುತ್ತಾರೆ, ಸೋಮವಾರ ಅಮಾವಾಸ್ಯೆ ಬಿದ್ದರೆ ನೂಕುನುಗ್ಗಲು. ಆ ದಿನಗಳನ್ನು ಬಿಡಿ. ದೇವಸ್ಥಾನದ ಕಟ್ಟೆಯಾದರೆ ಅರ್ಚಕರಲ್ಲಿ, ಗುಂಡುತೋಪಾದರೆ ಗ್ರಾಮ ಪಂಚಾಯ್ತಿಯಲ್ಲಿ, ಹೊಲದ ಮರವಾದರೆ ಜಮೀನಿನವರಲ್ಲಿ ಮೊದಲೇ ಕೇಳಬೇಕು. "ಮರಕ್ಕೆ ಏನೂ ತಾಗಿಸುವುದಿಲ್ಲ, ಮೊಳೆ ಹೊಡೆಯುವುದಿಲ್ಲ" ಎಂದು ಒಂದು ಮಾತು ಹೇಳಿದರೆ ಅರ್ಧ ಅನುಮಾನ ಕರಗುತ್ತದೆ. ಉಳಿದರ್ಧ ಅನುಮಾನ ರಸ್ತೆ ಅಗಲೀಕರಣದ್ದು: ಮುಕ್ಕಾಲಿ ಮೇಲೆ ಯಂತ್ರ ಇಟ್ಟವರೆಲ್ಲ ಸರ್ವೆಯವರೇ, ಸರ್ವೆ ಆದ ಮೇಲೆ ಮರ ಹೋಗುತ್ತದೆ ಎಂಬುದು ಊರವರ ಲೆಕ್ಕ. ಯಂತ್ರ ಇಳಿಸುವ ಮುಂಚೆಯೇ ಅದನ್ನು ಬಿಡಿಸಿ ಹೇಳಿ.

ಇನ್ನು ಹೆಜ್ಜೇನು. ಹಳೆಯ ಆಲ, ಅರಳಿಗಳ ದಪ್ಪ ಕೊಂಬೆಯ ಅಡಿಯಲ್ಲಿ ಹಲ್ಲೆ ಕಟ್ಟಿರುವುದು ಸಾಮಾನ್ಯ. ನೆಲದ ಮೇಲಿನ ಸ್ಕ್ಯಾನರ್‌ನ ಬೆಳಕು ಕಣ್ಣಿಗೆ ಕಾಣದ್ದು, ಸದ್ದೂ ಇಲ್ಲ, ಮರವನ್ನು ಮೇಲಿನಿಂದ ಅಳೆಯಲು ಹಾರಿಸುವ ಡ್ರೋನ್ ಹಾಗಲ್ಲ. ಹಲ್ಲೆಯ ಹತ್ತಿರ ಡ್ರೋನ್ ಹಾರಿಸಿದರೆ ಹುಳ ಎದ್ದು ಕೆಳಗಿರುವ ಎಲ್ಲರ ಮೇಲೂ ಬೀಳುತ್ತವೆ. ದುರ್ಬೀನಿನಲ್ಲಿ ಇಡೀ ಮರ ನೋಡಿದ ಮೇಲೆಯೇ ಡ್ರೋನ್ ಹೊರತೆಗೆಯಿರಿ. ಹಕ್ಕಿಗಳದೂ ಇದೇ ಮಾತು: ಸಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಗೂಡಿನ ತಿಂಗಳುಗಳಲ್ಲಿ ಅಲ್ಲಿ ಯಾವ ಸ್ಕ್ಯಾನೂ ಬೇಡ.

ಮರದ ಸುತ್ತ ಪ್ರದಕ್ಷಿಣೆ

ಬಿಡಿಯಾಗಿ ನಿಂತ 18 ಮೀಟರ್ ಎತ್ತರದ ಹುಣಸೆಗೆ 10ರಿಂದ 12 ನಿಲ್ದಾಣ ಬೇಕು. ಎರಡು ಸುತ್ತು ಹಾಕಿ: ಒಂದು ಬುಡದಿಂದ 4–5 ಮೀಟರ್‌ನಲ್ಲಿ, ತೊಗಟೆಗಾಗಿ, ಇನ್ನೊಂದು ಮರದ ಎತ್ತರದಷ್ಟೇ ದೂರದಲ್ಲಿ, ತಲೆಗಾಗಿ. ಹತ್ತಿರದಿಂದ ಮೇಲೆ ನೋಡಿದರೆ ಕೆಳಗಿನ ಎಲೆಗಳೇ ಎಲ್ಲವನ್ನೂ ಮುಚ್ಚುತ್ತವೆ, ಹಾಗಾಗಿ ಎರಡನೆಯ ಸುತ್ತನ್ನು ಕೈಬಿಟ್ಟರೆ ಮರದ ನೆತ್ತಿ ಬೋಳು. ಬಿಳಲು ಬಿಟ್ಟ ಆಲವಾದರೆ ಹೊರಗಿನ ಸುತ್ತಷ್ಟೇ ಸಾಲದು, ಬಿಳಲುಗಳ ನಡುವೆ ಕೋಣೆಯಿಂದ ಕೋಣೆಗೆ ಹೋದಂತೆ ಹೋಗಬೇಕು. 20, 25 ನಿಲ್ದಾಣ ಸುಲಭವಾಗಿ ಆಗುತ್ತದೆ.

ಯಂತ್ರದ ಸಾಂದ್ರತೆಯನ್ನು 10 ಮೀಟರ್‌ನಲ್ಲಿ 6 ಮಿ.ಮೀ.ಗೆ ಇಟ್ಟರೆ 5 ಮೀಟರ್‌ನಲ್ಲಿ 3 ಮಿ.ಮೀ., 20 ಮೀಟರ್‌ನಲ್ಲಿ 12 ಮಿ.ಮೀ.ಗೊಂದು ಚುಕ್ಕಿ ಬೀಳುತ್ತದೆ. ಸೆಕೆಂಡಿಗೆ 3.6 ಲಕ್ಷ ಚುಕ್ಕಿ ಅಳೆಯುವ ಚಿಕ್ಕ ಯಂತ್ರಕ್ಕೂ ಇದು ಎರಡು ಮೂರು ನಿಮಿಷದ ಕೆಲಸ. ಇದಕ್ಕಿಂತ ದಟ್ಟವಾಗಿ ಮಾಡಿದರೆ ಸಮಯ ಏರುತ್ತದೆ, ಅಷ್ಟರಲ್ಲಿ ಗಾಳಿ ಎದ್ದಿರುತ್ತದೆ.

ನಿಲ್ದಾಣಗಳನ್ನು ಒಂದಕ್ಕೊಂದು ಹೊಂದಿಸಲು ಗುರುತು ಬೇಕು. ಬಿಳಿ ಗೋಲಗಳನ್ನೋ ಕಪ್ಪು–ಬಿಳಿ ಚೌಕದ ಹಲಗೆಗಳನ್ನೋ ಸುತ್ತ ಇಡುತ್ತಾರೆ. ಪಕ್ಕಪಕ್ಕದ ಎರಡು ನಿಲ್ದಾಣಗಳಿಗೆ ಕನಿಷ್ಠ ಮೂರು ಗುರುತು ಸಾಮಾನ್ಯವಾಗಿರಬೇಕು, ಮೂರೂ ಒಂದೇ ಗೆರೆಯಲ್ಲಿ ಇರಬಾರದು, ಒಂದೇ ಎತ್ತರದಲ್ಲಿಯೂ ಬೇಡ. ಐದು ಇಟ್ಟರೆ ಒಂದನ್ನು ಮೇಕೆ ಬೀಳಿಸಿದರೂ ಕೆಲಸ ನಿಲ್ಲದು. ಉತ್ತ ಕೆಂಪು ಮಣ್ಣಿನಲ್ಲಿ ಮುಕ್ಕಾಲಿಯ ಕಾಲು ಸ್ಕ್ಯಾನ್ ನಡೆಯುತ್ತಿರುವಾಗಲೇ ಇಳಿಯುತ್ತದೆ. ಪ್ರತಿ ಕಾಲಿನ ಕೆಳಗೆ ಚಪ್ಪಟೆ ಕಲ್ಲು ಹಾಕಿ.

2020ರಿಂದ ದುಬಾರಿ ಐಫೋನ್‌ಗಳಲ್ಲೂ ಲೇಸರ್ ಅಳತೆಯ ಸಂವೇದಕ ಬಂದಿದೆ. ಅದರ ಕೈ ಐದು ಮೀಟರ್‌ವರೆಗೆ ಮಾತ್ರ ಚಾಚುತ್ತದೆ. ಬುಡ, ಪೊಟರೆಯ ಬಾಯಿ, ನಾಗರಕಲ್ಲುಗಳಿಗೆ ಸಾಕು. ದಪ್ಪ ಕಾಂಡವನ್ನು ಪೂರ್ತಿ ಸುತ್ತಿ ಬಂದಾಗ ಶುರುವಾದ ಜಾಗಕ್ಕೂ ಮುಗಿದ ಜಾಗಕ್ಕೂ ಹೊಂದಿಕೆಯಾಗದೆ ತೊಗಟೆ ಎರಡು ಪದರವಾಗುವುದು ಇದರ ಮಾಮೂಲಿ ರೋಗ. ಕಾಂಡವನ್ನು ಅರ್ಧರ್ಧ ಮಾಡಿ ಆಮೇಲೆ ಕೂಡಿಸುವುದು ಮೇಲು.

ಸೇರಿಸುವುದು, ಒರೆಸುವುದು

ಉಚಿತವಾಗಿ ಸಿಗುವ ಕ್ಲೌಡ್‌ಕಂಪೇರ್ ಎಂಬ ತಂತ್ರಾಂಶ ಈ ಹಂತದ ಬಹುಪಾಲು ಕೆಲಸಕ್ಕೆ ಸಾಕು. ಫೈಲ್‌ನ ತೂಕ ಮೊದಲೇ ಅಂದಾಜು ಮಾಡಿಕೊಳ್ಳಿ: ಮೂರು ಅಳತೆಗೆ 12 ಬೈಟ್, ಬಣ್ಣಕ್ಕೆ 3, ಇಂಟೆನ್ಸಿಟಿಗೆ 2, ಒಟ್ಟು ಚುಕ್ಕಿಗೆ 17 ಬೈಟ್. 10 ಕೋಟಿ ಚುಕ್ಕಿಗೆ 1.7 ಜಿಬಿ.

ಮೊದಲ ಬಲೆ ಇರುವುದು ಸ್ಥಾನಸಂಖ್ಯೆಗಳಲ್ಲಿ. ಜಿಪಿಎಸ್‌ಗೆ ಜೋಡಿಸಿದ ಸ್ಕ್ಯಾನ್‌ನಲ್ಲಿ ಉತ್ತರ ದಿಕ್ಕಿನ ಅಳತೆ ಸಮಭಾಜಕದಿಂದ ಎಣಿಸಿದ್ದು. ನಮ್ಮ ಅಕ್ಷಾಂಶದಲ್ಲಿ ಅದು 14 ಲಕ್ಷ ಮೀಟರ್ ದಾಟಿರುತ್ತದೆ. ಚಿತ್ರಕಲೆಯ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಬಳಸುವ 32 ಬಿಟ್ ಸಂಖ್ಯೆಯಲ್ಲಿ ಅಷ್ಟು ದೊಡ್ಡ ಅಂಕಿಯ ಪಕ್ಕದ ಅಂಕಿ 12.5 ಸೆಂ.ಮೀ. ದೂರದಲ್ಲಿದೆ. ನಡುವೆ ಏನೂ ಇಲ್ಲ. ಹಾಗೇ ತೆರೆದರೆ ಮರ ಪಟ್ಟೆಪಟ್ಟೆಯಾಗಿ, ಹಲಗೆ ಜೋಡಿಸಿಟ್ಟಂತೆ ಕಾಣುತ್ತದೆ. ಯಂತ್ರ ಕೆಟ್ಟಿದೆ ಎಂದು ಬಾಡಿಗೆಯವರ ಜತೆ ಜಗಳಕ್ಕಿಳಿಯುವ ಮುಂಚೆ ಇದನ್ನು ನೋಡಿ. ತೆರೆಯುವಾಗಲೇ ಕ್ಲೌಡ್‌ಕಂಪೇರ್ "ಗ್ಲೋಬಲ್ ಶಿಫ್ಟ್" ಕೇಳುತ್ತದೆ, ಅಂದರೆ ಈ ದೊಡ್ಡ ಅಂಕಿಗಳಿಂದ ಒಂದು ಸ್ಥಿರ ಸಂಖ್ಯೆಯನ್ನು ಕಳೆಯಲೇ ಎಂದು. ಒಪ್ಪಿಕೊಂಡು, ಕಳೆದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಇನ್ನೊಂದು ಸ್ಥಳೀಯ ತೊಡಕು: ಭೂಮಿಯನ್ನು 6 ಡಿಗ್ರಿ ಅಗಲದ ವಲಯಗಳಾಗಿ ಹಂಚುವ ಯುಟಿಎಂ ನಕ್ಷೆಪದ್ಧತಿಯಲ್ಲಿ 78 ಡಿಗ್ರಿ ರೇಖಾಂಶಕ್ಕೆ ವಲಯ ಬದಲಾಗುತ್ತದೆ. ತುಮಕೂರು, ಚಿಕ್ಕಬಳ್ಳಾಪುರ, ಮಾಲೂರು 43ನೇ ವಲಯದಲ್ಲಿ. ಕೋಲಾರ, ಚಿಂತಾಮಣಿ 44ರಲ್ಲಿ. ಎರಡೂ ಕಡೆಯ ಮರಗಳನ್ನು ಒಂದೇ ನಕ್ಷೆಯಲ್ಲಿ ಇಡಲು ಹೊರಟವರು ಒಂದು ವಲಯವನ್ನು ಆರಿಸಿ ಎಲ್ಲವನ್ನೂ ಅದಕ್ಕೆ ತರಬೇಕು.

ಹೊಂದಿಕೆ ಸರಿಯಾಗಿದೆಯೇ ಎಂದು ತಿಳಿಯಲು ವರದಿಯ ಸರಾಸರಿ ದೋಷವನ್ನಷ್ಟೇ ನಂಬಬೇಡಿ. ಎದೆಮಟ್ಟದಲ್ಲಿ, ಅಂದರೆ ಅರಣ್ಯದವರು ಅಳೆಯುವ 1.37 ಮೀಟರ್ ಎತ್ತರದಲ್ಲಿ, 5 ಸೆಂ.ಮೀ. ದಪ್ಪದ ಒಂದು ಬಿಲ್ಲೆ ಕತ್ತರಿಸಿ ಮೇಲಿನಿಂದ ನೋಡಿ. ತೊಗಟೆಯ ಗೆರೆ ಒಂದೇ ಇದ್ದರೆ ಸರಿ. ಎರಡು ಗೆರೆ ಕಂಡರೆ ಯಾವುದೋ ನಿಲ್ದಾಣ ತಪ್ಪಿ ಕೂತಿದೆ. ಕಾಂಡದಲ್ಲಿ ಒಂದೇ ಗೆರೆ ಇದ್ದು ತುದಿಯ ರೆಂಬೆಗಳು ಮಾತ್ರ ಜೋಡಿಯಾಗಿದ್ದರೆ ಅದು ಗಾಳಿ, ಹೊಂದಿಕೆಯ ತಪ್ಪಲ್ಲ. ಮತ್ತೆ ಮತ್ತೆ ಹೊಂದಿಸಿ ಫಲವಿಲ್ಲ. ಆಗ ತಲೆಯ ಭಾಗಕ್ಕೆ ಅತಿ ಶಾಂತವಾಗಿದ್ದ ಎರಡು ಮೂರು ನಿಲ್ದಾಣಗಳನ್ನಷ್ಟೇ ಇಟ್ಟುಕೊಂಡು ಉಳಿದವನ್ನು ಕಾಂಡಕ್ಕೆ ಮಾತ್ರ ಬಳಸುವುದು ಒಳ್ಳೆಯ ದಾರಿ.

ಆಮೇಲೆ ಎಲ್ಲೆಡೆ 5 ಮಿ.ಮೀ. ಅಂತರಕ್ಕೆ ಚುಕ್ಕಿಗಳನ್ನು ತೆಳುಮಾಡಿ. ಯಂತ್ರಕ್ಕೆ ಹತ್ತಿರವಿದ್ದ ಬದಿಯಲ್ಲಿ ಚುಕ್ಕಿ ಕಿಕ್ಕಿರಿದಿರುತ್ತವೆ, ಹಾಗೇ ಬಿಟ್ಟರೆ ಮುಂದೆ ಚಿತ್ರದಲ್ಲಿ ಮರದ ರೂಪಕ್ಕಿಂತ ನೀವು ಮುಕ್ಕಾಲಿ ಇಟ್ಟ ಜಾಗವೇ ಎದ್ದು ಕಾಣುತ್ತದೆ.

ಗಾಳಿಯಲ್ಲಿ ತೇಲುವ ಸುಳ್ಳು ಚುಕ್ಕಿಗಳಿಗೆ ಎಸ್‌ಒಆರ್ ಎಂಬ ಜರಡಿ ಇದೆ: ಪ್ರತಿ ಚುಕ್ಕಿಯ ಹತ್ತಿರದ ಕೆಲವು ನೆರೆಯವರ ಸರಾಸರಿ ದೂರ ನೋಡಿ, ತೀರಾ ಒಂಟಿಯಾದವನ್ನು ಎಸೆಯುತ್ತದೆ. ಮೊದಲೇ ಇಟ್ಟಿರುವ ಅಂಕಿಗಳು 6 ನೆರೆ, 1.0 ಗುಣಕ; ಗುಣಕ ಏರಿದಷ್ಟೂ ಎಸೆಯುವುದು ಕಡಿಮೆ. ಕಾಂಡಕ್ಕೆ ಅದು ಸರಿ. ತಲೆಗೆ ಅದನ್ನೇ ಓಡಿಸಿದರೆ ಸುಳ್ಳು ಚುಕ್ಕಿಯ ಜತೆ ನಿಜವಾದ ತೆಳು ರೆಂಬೆಗಳೂ ಹೋಗುತ್ತವೆ. ಕಾಂಡ, ತಲೆ ಬೇರೆ ಮಾಡಿ, ತಲೆಗೆ ಗುಣಕವನ್ನು 2.5 ಅಥವಾ 3ಕ್ಕೆ ಏರಿಸಿ. ನೆಲವನ್ನು ತೆಗೆಯಲು ಬಟ್ಟೆ ಹಾಸಿದಂತೆ ಲೆಕ್ಕ ಹಾಕುವ ಸಿಎಸ್‌ಎಫ್ ಉಪಕರಣವಿದೆ. ಹೊಲದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಅರಳಿಕಟ್ಟೆಯಲ್ಲಿ ಸೋಲುತ್ತದೆ: ಕಟ್ಟೆಯ ಕಲ್ಲು ನೆಲವೋ ಮರವೋ ಅದಕ್ಕೆ ತಿಳಿಯದು. ಅಲ್ಲಿ ಕತ್ತರಿ ಉಪಕರಣದಿಂದ ಕೈಯಲ್ಲೇ ಬಿಡಿಸಬೇಕು.

ಆದರೆ ಕಟ್ಟೆಯನ್ನು ಬಿಡಿಸಲೇಬೇಕೆ? ಸುತ್ತಿದ ಹಸಿದಾರ, ಕುಂಕುಮ ಹಚ್ಚಿದ ಕಲ್ಲು, ಕಟ್ಟಿಹಾಕಿದ ಹಸು, ಪ್ರದಕ್ಷಿಣೆ ಬಂದವರ ಅರೆಬರೆ ಆಕೃತಿ, ಇವೆಲ್ಲ ಸರ್ವೆಯವರ ಭಾಷೆಯಲ್ಲಿ ಕಸ. ಊರ ಮರಕ್ಕೆ ಇವು ಎಲೆಯಷ್ಟೇ ಸಹಜ. ಎಲ್ಲವನ್ನೂ ಒರೆಸಿದ ಅರಳಿ ಯಾವ ಊರಿನದೂ ಅಲ್ಲ. ಗುರುತು ಹಿಡಿಯಬಹುದಾದ ಮುಖಗಳನ್ನು ತೆಗೆದುಹಾಕಿ, ಉಳಿದದ್ದನ್ನು ಒರೆಸುವ ಮುಂಚೆ ಎರಡು ಸಲ ಯೋಚಿಸಿ.

ಬಣ್ಣದ ಬಗ್ಗೆ ಒಂದು ಮಾತು. ಸ್ಕ್ಯಾನರ್‌ನ ಕ್ಯಾಮೆರಾ ತೆಗೆದ ಫೋಟೋದಿಂದ ಚುಕ್ಕಿಗೆ ಬಣ್ಣ ಅಂಟಿಸುವಾಗ ಎಲೆಯ ಅಂಚಿಗೆ ಹಿಂದಿನ ಆಕಾಶದ ಬಿಳಿ ತಗಲಿಕೊಳ್ಳುತ್ತದೆ, ಇಡೀ ಮರಕ್ಕೆ ಸುಣ್ಣ ಎರಚಿದಂತಾಗುತ್ತದೆ. ಬಣ್ಣವನ್ನು ಬಿಟ್ಟು ಇಂಟೆನ್ಸಿಟಿಯನ್ನು ಬೂದು ಛಾಯೆಯಾಗಿ ಬಳಸಿದರೆ ಹೆಚ್ಚು ಸೊಗಸು, ಹೆಚ್ಚು ಸತ್ಯ ಕೂಡ.

ಕಾಗದ, ಹಲಗೆ, ಕಲ್ಲು, ಪರದೆ

ಕಪ್ಪು ಹಿನ್ನೆಲೆಯಲ್ಲಿ ನೀಲಿ ಮಿಂಚಿನ ಮರ: ಇದು ಈಗ ಎಲ್ಲೆಲ್ಲೂ ಕಂಡು ಸವೆದುಹೋದ ನೋಟ. ಸಾಫ್ಟ್‌ವೇರ್ ತೆರೆದ ಕೂಡಲೇ ಹಾಗೇ ಕಾಣುತ್ತದೆ ಎಂಬುದನ್ನು ಬಿಟ್ಟರೆ ಅದಕ್ಕೆ ಬೇರೆ ಕಾರಣವಿಲ್ಲ. ಬಿಳಿ ಕಾಗದದ ಮೇಲೆ ಕಪ್ಪು ಚುಕ್ಕಿ ಮಾಡಿ ನೋಡಿ. ಮಸಿಯೂ ಉಳಿಯುತ್ತದೆ, ಮರ ರೇಖಾಚಿತ್ರದಂತೆ ನಿಲ್ಲುತ್ತದೆ.

ಮುದ್ರಣಕ್ಕೆ ತುಂಬ ಚೆನ್ನಾಗಿ ಒಗ್ಗುವುದು ಎಕ್ಸ್‌ರೇ ನೋಟ. ದೂರದ್ದು ಚಿಕ್ಕದು, ಹತ್ತಿರದ್ದು ದೊಡ್ಡದು ಎಂಬ ವ್ಯತ್ಯಾಸವಿಲ್ಲದೆ ಮರವನ್ನು ಒಂದು ಬದಿಯಿಂದ ಚಪ್ಪಟೆ ಮಾಡಿ, ಒಂದೊಂದು ಚೌಕದಲ್ಲಿ ಎಷ್ಟು ಚುಕ್ಕಿ ಬಿದ್ದಿವೆ ಎಂದು ಎಣಿಸಿ, ಆ ಎಣಿಕೆಯನ್ನೇ ಗಾಢತೆ ಮಾಡುವುದು. ಕ್ಲೌಡ್‌ಕಂಪೇರ್‌ನ ರಾಸ್ಟರೈಸ್ ಉಪಕರಣ ಇದನ್ನು ಮಾಡುತ್ತದೆ. ಚೌಕದ ಗಾತ್ರ ಹೀಗೆ ಸಿಗುತ್ತದೆ: 18 ಮೀಟರ್ ಮರವನ್ನು 1:20ರಲ್ಲಿ ಮುದ್ರಿಸಿದರೆ 90 ಸೆಂ.ಮೀ., ಎ0 ಹಾಳೆಯಲ್ಲಿ ಕೂರುತ್ತದೆ. ಇಂಚಿಗೆ 150 ಚುಕ್ಕಿಯ ಮುದ್ರಣದಲ್ಲಿ ಒಂದು ಪಿಕ್ಸೆಲ್ 0.17 ಮಿ.ಮೀ., ಮರದ ಮೇಲೆ ಅದು 3.4 ಮಿ.ಮೀ. ಅಂದರೆ 5 ಮಿ.ಮೀ. ಅಂತರದ ಸ್ಕ್ಯಾನ್ ಈ ಗಾತ್ರಕ್ಕೆ ಹೆಚ್ಚುಕಡಿಮೆ ಸರಿಸಾಟಿ, 1 ಮಿ.ಮೀ. ಸ್ಕ್ಯಾನ್‌ಗೆ ಹಣ ಸುರಿದರೆ ಕಾಗದದಲ್ಲಿ ಕಾಣದು. ಎಣಿಕೆಯನ್ನು ನೇರವಾಗಿ ಗಾಢತೆಗೆ ಇಳಿಸಿದರೆ ಕಾಂಡ ಕಪ್ಪು ಮುದ್ದೆಯಾಗಿ ರೆಂಬೆಗಳು ಮಾಯವಾಗುತ್ತವೆ. ಲಾಗರಿತಂ ಅಳತೆಗೆ ಬದಲಿಸಿದರೆ ಎರಡೂ ಉಳಿಯುತ್ತವೆ.

ಮುದ್ರಣದ ಅಂಗಡಿಗೆ ಜೆಪೆಗ್ ಕೊಡಬೇಡಿ, ಒಂಟಿ ಪಿಕ್ಸೆಲ್‌ಗಳನ್ನು ಅದು ಕಲಸಿಬಿಡುತ್ತದೆ. ಟಿಫ್ ಅಥವಾ ಪಿಎನ್‌ಜಿ ಕೊಡಿ. ಕಪ್ಪು ಮಸಿ ಒಂದರಲ್ಲೇ ಮುದ್ರಿಸಲು ಹೇಳಿ. ನಾಲ್ಕು ಬಣ್ಣ ಬೆರೆಸಿ ಕಪ್ಪು ಮಾಡಿದರೆ ಕೂದಲೆಳೆಯಷ್ಟು ಸರಿದರೂ ಪ್ರತಿ ಚುಕ್ಕಿಗೂ ಕೆಂಪು–ಹಸಿರು ಅಂಚು ಬರುತ್ತದೆ. ಫ್ಲೆಕ್ಸ್ ಮೇಲೆ ಇಂಥ ಸಣ್ಣ ಚುಕ್ಕಿ ನಿಲ್ಲುವುದಿಲ್ಲ. ಹೊಳಪಿಲ್ಲದ ದಪ್ಪ ಕಾಗದ ಬೇಕು.

ಮೂರು ಆಯಾಮದಲ್ಲಿ ಮಾಡಲು ಹೊರಟರೆ ಮೊದಲು ಎದುರಾಗುವುದು ಗಣಿತ. 18 ಮೀಟರ್ ಮರವನ್ನು 1:100ರಲ್ಲಿ 3ಡಿ ಮುದ್ರಿಸಿದರೆ 18 ಸೆಂ.ಮೀ. 2 ಸೆಂ.ಮೀ. ರೆಂಬೆ 0.2 ಮಿ.ಮೀ. ಆಗುತ್ತದೆ. ಮಾಮೂಲಿ ಮುದ್ರಕದ ಮೂಗು 0.4 ಮಿ.ಮೀ.; ಎರಡು ಗೆರೆಯ ದಪ್ಪವಾದರೂ ಇಲ್ಲದೆ ಕೊಂಬೆ ನಿಲ್ಲದು, ಅಂದರೆ 8 ಸೆಂ.ಮೀ.ಗಿಂತ ತೆಳುವಾದದ್ದೆಲ್ಲ ಹೋಗಬೇಕು. ಇಲ್ಲವೇ ಕೊಂಬೆಗಳನ್ನು ಕೊಳವೆಗಳ ಸರಣಿಯಾಗಿ ಬದಲಿಸುವ ಟ್ರೀಕ್ಯೂಎಸ್‌ಎಂ ಬಳಸಿ ತೆಳುವಾದವನ್ನು ದಪ್ಪ ಮಾಡಬೇಕು. ಫಿನ್ಲೆಂಡಿನಲ್ಲಿ ಹುಟ್ಟಿದ ಈ ವಿಧಾನ ಆಲದ ಮುಂದೆ ಕೈಚೆಲ್ಲುತ್ತದೆ. ಕೊಂಬೆ ಕವಲೊಡೆಯುತ್ತ ಹೋಗುತ್ತದೆ, ಮರಳಿ ಕೂಡುವುದಿಲ್ಲ ಎಂಬುದು ಅದರ ಎಣಿಕೆ. ಬಿಳಲುಗಳು ಕೂಡಿ ಬೆಸೆದುಕೊಳ್ಳುವ ಮರಕ್ಕೆ ಆ ಲೆಕ್ಕ ಹೊಂದದು.

ಚುಕ್ಕಿಗಳ ಮೇಲೆ ಚರ್ಮ ಹೊದಿಸುವ ಪಾಯ್ಸಾನ್ ವಿಧಾನದಲ್ಲಿ "ಡೆಪ್ತ್" ಎಂಬ ಅಂಕಿ ಎಲ್ಲವನ್ನೂ ನಿರ್ಧರಿಸುತ್ತದೆ. ಪ್ರತಿ ಹೆಜ್ಜೆಗೂ ಜಾಗ ಇಬ್ಭಾಗವಾಗುತ್ತದೆ: ಸುಮಾರು 20 ಮೀಟರ್ ಪೆಟ್ಟಿಗೆಗೆ 10 ಇಟ್ಟರೆ 2 ಸೆಂ.ಮೀ., 11ಕ್ಕೆ 1 ಸೆಂ.ಮೀ., 12ಕ್ಕೆ 5 ಮಿ.ಮೀ. ಚುಕ್ಕಿ ಇಲ್ಲದ ಕಡೆ ಅದು ಬಲೂನಿನಂತೆ ಉಬ್ಬಿ ತೂತು ಮುಚ್ಚುತ್ತದೆ. ಸಾಂದ್ರತೆ ಕಡಿಮೆ ಇರುವ ಭಾಗವನ್ನು ಕತ್ತರಿಸಿಹಾಕುವ ಜಾರುಗುಂಡಿ ಅಲ್ಲೇ ಇದೆ, ಬಳಸಿ. ಯಂತ್ರ ನೋಡದ ಜಾಗದಲ್ಲಿ ತೂತು ಇರುವುದೇ ಸರಿ.

ಕಾಂಡವನ್ನಷ್ಟೇ ಮಾಡುವುದು ಹಲವು ಸಲ ಇಡೀ ಮರಕ್ಕಿಂತ ಗಟ್ಟಿ ಕೃತಿ. 6 ಮೀಟರ್ ಸುತ್ತಳತೆಯ ಹುಣಸೆ ಬುಡ ಎಂದರೆ ಸುಮಾರು 1.9 ಮೀಟರ್ ಅಡ್ಡಳತೆ. 1:4ರಲ್ಲಿ ಸುಮಾರು 48 ಸೆಂ.ಮೀ. ಮರದ ನಾರನ್ನು ಒತ್ತಿ ಮಾಡಿದ 12 ಮಿ.ಮೀ. ಎಂಡಿಎಫ್ ಹಲಗೆಯ ಒಂದು ಪದರ ಮರದ 48 ಮಿ.ಮೀ.ಗೆ ಸಮ. 2.4 ಮೀಟರ್ ಎತ್ತರದ ಕಾಂಡಕ್ಕೆ 50 ಪದರ, ಎಂಟಕ್ಕೆ ನಾಲ್ಕು ಅಡಿಯ ಹಲಗೆ ಐದರಿಂದ ಏಳು. ಘನವಾಗಿ ಜೋಡಿಸಿದರೆ 75 ಕಿಲೊ ದಾಟುತ್ತದೆ, 6 ಸೆಂ.ಮೀ. ದಪ್ಪದ ಬಳೆಯಾಗಿ ಕತ್ತರಿಸಿದರೆ ಅದರ ಅರ್ಧಕ್ಕಿಂತ ಕಡಿಮೆ. ಪ್ರತಿ ಪದರದಲ್ಲೂ ಒಂದೇ ಜಾಗದಲ್ಲಿ 10 ಮಿ.ಮೀ. ತೂತು ಎರಡು ಇಟ್ಟು ಗೂಟ ತೂರಿಸದಿದ್ದರೆ ಮೇಲೆ ಹೋದಂತೆ ಕಾಂಡ ತಿರುಚುತ್ತದೆ. ಹಿಂಬದಿಯಲ್ಲಿ ಸಂಖ್ಯೆ ಬರೆಯಲು ಮರೆತರೆ ಎರಡು ದಿನ ಒಗಟು ಬಿಡಿಸುತ್ತ ಕೂರಬೇಕು. 12 ಮಿ.ಮೀ. ಎಂಡಿಎಫ್‌ಗೆ ಲೇಸರ್ ಕಟ್ಟರ್‌ಗಿಂತ ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರ, ಅಂದರೆ ಸಿಎನ್‌ಸಿ ರೌಟರ್, ವಾಸಿ, ಅಂಚು ಸುಡುವುದಿಲ್ಲ.

ಕಲ್ಲಿಗೆ ಇಳಿಸುವುದಾದರೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಶಿಲ್ಪಿಗಳು ಹತ್ತಿರದಲ್ಲೇ ಇದ್ದಾರೆ. ತೊಗಟೆಯ 60x90 ಸೆಂ.ಮೀ. ತುಂಡನ್ನು ಉಬ್ಬುಶಿಲ್ಪ ಮಾಡುವಾಗ ಒಂದು ಸೂಕ್ಷ್ಮವಿದೆ. ನಿಜದ ಆಳ 25 ಸೆಂ.ಮೀ. ಇದ್ದು ಕಲ್ಲಿನಲ್ಲಿ 4 ಸೆಂ.ಮೀ. ಮಾತ್ರ ಸಿಕ್ಕರೆ, ಎಲ್ಲವನ್ನೂ ಸಮನಾಗಿ ಕುಗ್ಗಿಸಿದಾಗ 1 ಸೆಂ.ಮೀ. ಬಿರುಕು 1.6 ಮಿ.ಮೀ. ಆಗಿ ಕಾಣದಾಗುತ್ತದೆ. ಕಾಂಡದ ದೊಡ್ಡ ಉಬ್ಬನ್ನು ಬೇರೆ, ಬಿರುಕುಗಳನ್ನು ಬೇರೆ ಮಾಡಿ, ಉಬ್ಬನ್ನು ಬಲವಾಗಿ, ಬಿರುಕನ್ನು ಅರ್ಧದಷ್ಟು ಮಾತ್ರ ಕುಗ್ಗಿಸಿ ಮತ್ತೆ ಕೂಡಿಸಬೇಕು. ಉಬ್ಬುಶಿಲ್ಪ ಕೆತ್ತುವವರು ಇದನ್ನು ಕಣ್ಣಳತೆಯಲ್ಲೇ ಮಾಡುತ್ತಾರೆ. ಯಂತ್ರಕ್ಕೆ ಮಾತ್ರ ಬಿಡಿಸಿ ಹೇಳಬೇಕು. ಅವರಿಗೆ ಫೈಲ್ ಕೊಡುವುದಕ್ಕಿಂತ 5 ಸೆಂ.ಮೀ.ಗೊಂದರಂತೆ ಕತ್ತರಿಸಿದ ನಿಜಗಾತ್ರದ ಅಡ್ಡಗೆರೆಗಳ ರಟ್ಟಿನ ಮಾದರಿ ಕೊಟ್ಟರೆ ಕೆಲಸ ಸಲೀಸು.

ಚಲಿಸುವ ಚಿತ್ರಕ್ಕೆ ಬ್ಲೆಂಡರ್ ಎಂಬ ಉಚಿತ 3ಡಿ ತಂತ್ರಾಂಶ ಸಾಕು. ಪಿಎಲ್‌ವೈ ಫೈಲ್ ತೆರೆದು ಜಿಯೊಮೆಟ್ರಿ ನೋಡ್ಸ್‌ನಲ್ಲಿ "ಮೆಶ್ ಟು ಪಾಯಿಂಟ್ಸ್" ಹಾಕಿ, ತ್ರಿಜ್ಯ 2–3 ಮಿ.ಮೀ. ಇಟ್ಟು, ಮೊದಲು 50 ಲಕ್ಷ ಚುಕ್ಕಿಯಲ್ಲಿ ಪರೀಕ್ಷಿಸಿ. ಕ್ಯಾಮೆರಾ ಸರಿದಾಗ ಮರ ಮಿಣುಗುಟ್ಟಿದರೆ ಚುಕ್ಕಿ ಪಿಕ್ಸೆಲ್‌ಗಿಂತ ಚಿಕ್ಕದಾಗಿದೆ ಎಂದರ್ಥ. ದೂರದ ದೃಶ್ಯಕ್ಕೆ ಚುಕ್ಕಿಯ ಸಂಖ್ಯೆ ಇಳಿಸಿ ತ್ರಿಜ್ಯ ಏರಿಸಿ. ಲಂಡನ್ನಿನ ಮಾರ್ಷ್‌ಮ್ಯಾಲೋ ಲೇಸರ್ ಫೀಸ್ಟ್ ತಂಡ 2016ರಲ್ಲಿ ಕ್ಯಾಲಿಫೋರ್ನಿಯಾದ ದೈತ್ಯ ಸಿಕ್ವೋಯಾ ಮರವನ್ನು ಇದೇ ಬಗೆಯ ಚುಕ್ಕಿಗಳಲ್ಲಿ ಕಟ್ಟಿ, ವಿಆರ್ ಕನ್ನಡಕ ತೊಟ್ಟವರು ಮರದೊಳಗೆ ನೀರಿನೊಂದಿಗೆ ಮೇಲೇರುವಂತೆ ಮಾಡಿತು. ಒಳಗಿನ ಆ ಹರಿವು ಸ್ಕ್ಯಾನ್‌ನಲ್ಲಿ ಇದ್ದದ್ದಲ್ಲ, ಕಲಾವಿದರು ಕಟ್ಟಿದ್ದು. ಹೊರಮೈ ಅಷ್ಟು ನಿಖರವಾಗಿದ್ದುದರಿಂದಲೇ ಒಳಗನ್ನು ಕಲ್ಪಿಸುವ ಸ್ವಾತಂತ್ರ್ಯ ಅವರಿಗೆ ಸಿಕ್ಕಿತು.

ಬೇರು ಮೇಲೆ, ಕೊಂಬೆ ಕೆಳಗೆ ಎಂಬ ಅಶ್ವತ್ಥದ ಹಳೆಯ ಕಲ್ಪನೆ ನಮ್ಮ ಕಲಾವಿದರನ್ನು ಸೆಳೆಯದೆ ಇರದು. ಅರಳಿಯನ್ನು ತಲೆಕೆಳಗು ಮಾಡಲು ಎತ್ತರದ ಸಂಖ್ಯೆಯನ್ನು ಮಾತ್ರ ಋಣ ಮಾಡಬೇಡಿ, ಅದು ಕನ್ನಡಿಯ ಬಿಂಬವಾಗಿ ಕಾಂಡದ ತಿರುಚು ಎಡಬಲ ಬದಲಾಗುತ್ತದೆ; ಅಡ್ಡ ಅಕ್ಷದ ಸುತ್ತ 180 ಡಿಗ್ರಿ ತಿರುಗಿಸಿ. ಮತ್ತೆ, ಬೇರನ್ನು ಯಂತ್ರ ನೋಡಿಲ್ಲ. ರೆಂಬೆಗಳನ್ನೇ ನಕಲು ಮಾಡಿ ಬೇರಿನ ಜಾಗಕ್ಕೆ ಅಂಟಿಸುವವರಿದ್ದಾರೆ. ಮೇಲ್ತುದಿ ಕಟ್ಟೆಯ ಚೌಕಕ್ಕೇ ಕಡಿದು ನಿಂತರೆ ಇನ್ನೂ ಚೆಂದ.

ಮುಂದಿನ ಸಲಕ್ಕೆ

ಒರೆಸದ, ತೆಳುಮಾಡದ ಮೂಲ ಸ್ಕ್ಯಾನ್‌ಗಳನ್ನು ಯಾವ ಕಂಪನಿಗೂ ಕಟ್ಟುಬೀಳದ ಇ57 ಫೈಲ್ ರೂಪದಲ್ಲಿ ಎರಡು ಬೇರೆ ಡಿಸ್ಕ್‌ಗಳಲ್ಲಿ ಇಡಿ. ಕಂಪನಿಯ ಸ್ವಂತ ಫಾರ್ಮ್ಯಾಟ್‌ನಲ್ಲಿ ಮಾತ್ರ ಉಳಿಸಿದರೆ ಹತ್ತು ವರ್ಷದ ಮೇಲೆ ತೆರೆಯುವ ಸಾಫ್ಟ್‌ವೇರೇ ಸಿಗದಿರಬಹುದು. ಜತೆಗೊಂದು ಸಾದಾ ಟೆಕ್ಸ್ಟ್ ಫೈಲ್: ದಿನ, ಹೊತ್ತು, ಗಾಳಿ ಹೇಗಿತ್ತು, ಯಂತ್ರದ ಹೆಸರು, ವಲಯ, ಕಳೆದ ಶಿಫ್ಟ್ ಸಂಖ್ಯೆ. ಪಂಚಾಯ್ತಿಗೋ ದೇವಸ್ಥಾನಕ್ಕೋ ಒಂದು ಪ್ರತಿ, ಮತ್ತು ಗೋಡೆಗೆ ಹಾಕಬಹುದಾದ ಒಂದು ಮುದ್ರಣ.

ಬ್ರಿಟನ್ನಿನ ಸ್ಕ್ಯಾನ್‌ಲ್ಯಾಬ್ ಪ್ರಾಜೆಕ್ಟ್ಸ್ ಒಂದೇ ಜಾಗವನ್ನು ದಿನದಿನವೂ ಸ್ಕ್ಯಾನ್ ಮಾಡಿ ಭೂದೃಶ್ಯ ಬದಲಾಗುವುದನ್ನು ಕೃತಿಯಾಗಿಸಿದೆ. ಅಷ್ಟು ಬೇಡ, ವರ್ಷಕ್ಕೊಮ್ಮೆ ಮಾಡಿದರೂ ಕೊಂಬೆ ಎಷ್ಟು ಬಾಗಿತು, ಪೊಟರೆ ಎಷ್ಟು ತೆರೆಯಿತು ಎಂದು ಎರಡು ಮೋಡಗಳ ನಡುವಿನ ದೂರವಾಗಿ ಕಾಣಿಸಬಹುದು. ಅದಕ್ಕೆ ಅಲುಗದ ಗುರುತು ಬೇಕು. ಮರದ ಮೇಲೆ ಬೇಡ, ಅದೇ ಅಲುಗುವಂಥದ್ದು, ಬೆಳೆಯುವಂಥದ್ದು. ಕಟ್ಟೆಯ ಕಲ್ಲುಗಳನ್ನೂ ಬೇರು ಎತ್ತುತ್ತದೆ. ಹತ್ತಿರದ ಬಂಡೆ, ದೇವಸ್ಥಾನದ ಕಲ್ಲುಗಂಬದ ಬುಡ, ಊರ ಬಾವಿಯ ಕಟ್ಟು, ಹೀಗೆ ನಾಲ್ಕು ಕಡೆ ನಾಣ್ಯದಗಲದ ಬಣ್ಣದ ಗುರುತು ಇಟ್ಟು, ಅವುಗಳ ಫೋಟೋವನ್ನೂ ಪರಸ್ಪರ ದೂರಗಳನ್ನೂ ಅದೇ ಟೆಕ್ಸ್ಟ್ ಫೈಲ್‌ಗೆ ಸೇರಿಸಿ.